ಒಬ್ಬ ಮಲ್ಲನ ನಾಲ್ಕು ಕಾಳಗಗಳು

ಸಂಗೀತ ಕಚೇರಿಗೆ ಹೋಗಿ ಬಂದವರು ಮಾರನೆಯ ದಿನ ಅದರ ಗುಣದೋಷಗಳನ್ನು ಕುರಿತು ಮಾತನಾಡುವುದು ವಾಡಿಕೆ. ಆಲಾಪನೆ ಹದವಾಗಿದ್ದಿತೆ, ಪಕ್ಕವಾದ್ಯದವರು ಅನುಸರಿಸಿದರೆ, ಪಲ್ಲವಿಯು ಅತಿಯಾಯಿತೆ ಎಂದು ಅವರು ಚರ್ಚಿಸುವರು. ನಾಟಕವನ್ನು ನೋಡಿದವರೂ ಹಾಗೆಯೇ. ಆದರೆ ಕುಸ್ತಿಯ ಕಣದಿಂದ ಹಿಂದಿರುಗಿದವನನ್ನು ನಾವು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಗೆದ್ದವರು ಯಾರು? ಆ ಪ್ರಶ್ನೆಗೆ ಉತ್ತರ ದೊರೆತೊಡನೆ ಮಾತು ಮುಗಿಯಿತೆಂದು ಭಾವಿಸುತ್ತೇವೆ. ಕುಸ್ತಿಗೂ ವಿಮರ್ಶೆಯುಂಟು, ಅದಕ್ಕೂ ಒರೆಗಲ್ಲುಗಳುಂಟು ಎಂಬುದು ನಮ್ಮ ವಿದ್ಯಾವಂತರ ಮನಸ್ಸಿಗೆ ಬಂದಿರುವುದು ಅಪರೂಪ. ಗೆದ್ದವನಾರೆಂಬ ಪ್ರಶ್ನೆಯೇ ಅರ್ಥವಿಲ್ಲದ್ದಾಗುವ ಕುಸ್ತಿಯೂ ಲೋಕದಲ್ಲಿ ಬೆಳೆದಿರುವುದರಿಂದ, ಈ ವಿಚಾರವನ್ನು ಸ್ವಲ್ಪ ನಿಧಾನವಾಗಿ ಪರಿಶೀಲಿಸುವುದು ಒಳ್ಳೆಯದು.

ಮೊದಲು ಒರೆಗಲ್ಲುಗಳನ್ನು ಗೊತ್ತುಮಾಡಿಕೊಳ್ಳೋಣ. ಇವುಗಳನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಒಂದು ಪ್ರಕರಣವೇ ಇದೆ. ಮಲ್ಲರಿಗೆ ಕೊಡತಕ್ಕ ಆಹಾರ, ಅವರು ಮಾಡತಕ್ಕ ಸಾಧನೆ, ಹಿಡಿಯತಕ್ಕ ಪಟ್ಟುಗಳು ಇವೆಲ್ಲವನ್ನೂ ಅದು ಹೇಳುವುದಲ್ಲದೆ, ಮಲ್ಲರನ್ನು ವಯಸ್ಸು, ಬಲ, ಪರಿಣತಿಗಳಿಗೆ ಅನುಗುಣವಾಗಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಮುಂತಾಗಿ ವಿಂಗಡಿಸುತ್ತದೆ. ಈ ವಿಂಗಡಣೆಯು ಬರಿಯ ಪಾಂಡಿತ್ಯದ ಮಾತಲ್ಲ. ಸಮಾನರಲ್ಲದವರು ಸೆಣಸಿದರೆ ಅದು ಕಾಳಗವಾಗದು ಎಂಬ ತಿಳಿವು ಅದರ ಹಿಂದೆ ಇದೆ. ನಮ್ಮ ಮೈಸೂರಿನ ಗರಡಿಗಳಲ್ಲಿ ಪಂದ್ಯಕ್ಕೆ ಮುಂಚೆ ‘ಜೋಡಿ ಕಟ್ಟುವುದು’ ಎಂಬ ಕ್ರಮವಿರುವುದನ್ನು ಎಲ್ಲರೂ ಬಲ್ಲರು. ಹಿರಿಯ ಉಸ್ತಾದರು ಇಬ್ಬರು ಪೈಲ್ವಾನರನ್ನು ಎದುರುಬದುರಾಗಿ ನಿಲ್ಲಿಸಿ, ಮೈಕಟ್ಟು ನೋಡಿ, ಹಿಂದಿನ ಪಂದ್ಯಗಳನ್ನು ನೆನೆದು, ಇವರು ಸರಿಜೋಡಿಯೋ ಅಲ್ಲವೋ ಎಂದು ತೀರ್ಮಾನಿಸುವರು. ಅದೇ ಮೊದಲನೆಯ ಒರೆಗಲ್ಲು: ಜೋಡಿ.

ಎರಡನೆಯದು ನಿಯಮ. ಗದೆಯು ನಡುವಿನಿಂದ ಕೆಳಗೆ ಬೀಳಕೂಡದೆಂಬ ಕಟ್ಟಳೆಯಿದ್ದಿತು. ಭೀಮನು ಅದನ್ನು ಮೀರಿ ದುರ್ಯೋಧನನ ತೊಡೆಯನ್ನು ಮುರಿದುದರಿಂದಲೇ ಆ ಗೆಲವು ಇಂದಿಗೂ ಚರ್ಚೆಯ ವಿಷಯವಾಗಿ ಉಳಿದಿದೆ. ಮೂರನೆಯದು ಉದ್ಯಮ, ಎಂದರೆ, ಗೆಲ್ಲಬೇಕೆಂಬ ಪ್ರಯತ್ನ. ಸೋಲದಿರುವುದು ಬೇರೆ, ಗೆಲ್ಲಲು ಹೆಣಗುವುದು ಬೇರೆ. ನಾಲ್ಕನೆಯದು ನೋಡುವವನೊಡನೆ ಇರುವ ಒಪ್ಪಂದ. ಟಿಕೀಟು ಕೊಂಡು ಬಂದವನಿಗೆ ಏನನ್ನು ತೋರಿಸುವೆವೆಂದು ಹೇಳಿದರೋ ಅದನ್ನೇ ತೋರಿಸಿದರೆ? ಈ ನಾಲ್ಕನ್ನು ಕೈಯಲ್ಲಿ ಹಿಡಿದು, ಒಬ್ಬನೇ ಮಲ್ಲನ ಬಾಳಿನ ನಾಲ್ಕು ಕಾಳಗಗಳನ್ನು ನಾವು ಪರೀಕ್ಷಿಸೋಣ. ಇಪ್ಪತ್ತನೆಯ ಶತಮಾನದಲ್ಲಿ ವೃತ್ತಿಕುಸ್ತಿಯು ಪಟ್ಟ ಪಾಡೆಲ್ಲವೂ ಆ ನಾಲ್ಕರಲ್ಲಿ ಅಡಗಿದೆ.

ಆ ಮಲ್ಲನ ಹೆಸರು ಸ್ಟಾನಿಸ್ಲಾಸ್ ಜಿಬಿಸ್ಕೋ. ೧೮೭೯ರಲ್ಲಿ ಪೋಲರ ನಾಡಿನಲ್ಲಿ ಹುಟ್ಟಿದವನು. ಅವನ ನಿಜವಾದ ಮನೆತನದ ಹೆಸರು ಸಿಗಾನೀವಿಚ್. ಮರದ ದಿಮ್ಮಿಯಂಥ ಮೈ, ಬೋಳು ತಲೆ, ಗೂಳಿಯಂಥ ಕೊರಳು. ಅದರೊಡನೆ ಹಲವು ಭಾಷೆಗಳ ಪರಿಚಯವೂ ಇದ್ದಿತು. ಯೂರೋಪಿನ ಗ್ರೀಕೋ-ರೋಮನ್ ಪದ್ಧತಿಯಲ್ಲಿ ಅವನು ಪಳಗಿದವನು. ಆ ಪದ್ಧತಿಯಲ್ಲಿ ನಡುವಿನಿಂದ ಕೆಳಗೆ ಹಿಡಿಯುವಂತಿಲ್ಲ, ಕಾಲಿನಿಂದ ಎಡವಿ ಬೀಳಿಸುವಂತಿಲ್ಲ. ತೋಳು, ಎದೆ, ಬೆನ್ನುಗಳ ಬಲವೇ ಪ್ರಧಾನ.

ಮೊದಲನೆಯ ಕಾಳಗ ನಡೆದುದು ಲಂಡನ್ ನಗರದಲ್ಲಿ, ೧೯೧೦ನೆಯ ಇಸವಿ ಸೆಪ್ಟೆಂಬರ್ ೧೦ರಂದು. ಎದುರಾಳಿಯು ಅಮೃತಸರದ ಕಡೆಯ ಗುಲಾಮ್ ಮಹಮ್ಮದ್, ಎಂದರೆ ಲೋಕಪ್ರಸಿದ್ಧನಾದ ಗಾಮಾ ಪೈಲ್ವಾನ್. ಆ ವರ್ಷ ಬೆಂಜಮಿನ್ ಎಂಬ ವ್ಯವಸ್ಥಾಪಕನು ಗಾಮನನ್ನೂ ಅವನ ತಮ್ಮ ಇಮಾಮ್ ಬಕ್ಷನನ್ನೂ ಇನ್ನು ಕೆಲವರು ಭಾರತೀಯ ಮಲ್ಲರನ್ನೂ ಇಂಗ್ಲೆಂಡಿಗೆ ಕರೆದೊಯ್ದಿದ್ದನು. ಗಾಮನು ಎತ್ತರದ ಆಳಲ್ಲ. ಐದಡಿ ಏಳೆಂಟು ಅಂಗುಲ, ಸುಮಾರು ೨೦೦ ಪೌಂಡು ತೂಕ. ಆಗಸ್ಟ್ ತಿಂಗಳಲ್ಲಿ ಅವನು ಅಮೆರಿಕಾದ ಬೆಂಜಮಿನ್ ರೋಲರ್ ಎಂಬ ವೈದ್ಯ-ಮಲ್ಲನನ್ನು ಎರಡು ಸಲವೂ ಚಿತ್ ಮಾಡಿ ಹೆಸರು ಪಡೆದನು. ಆ ಬಳಿಕ ಜಿಬಿಸ್ಕೋವಿನೊಡನೆ ‘ಜಾನ್ ಬುಲ್’ ಪಟ್ಟಿಗಾಗಿಯೂ ೨೫೦ ಪೌಂಡು ಹಣಕ್ಕಾಗಿಯೂ ಪಂದ್ಯ ನಿಶ್ಚಯವಾಯಿತು.

ಕಾಳಗ ಆರಂಭವಾದ ಸ್ವಲ್ಪ ಹೊತ್ತಿನೊಳಗೇ ಗಾಮನು ಜಿಬಿಸ್ಕೋವನ್ನು ನೆಲಕ್ಕೆ ಒತ್ತಿದನು. ಪ್ರೇಕ್ಷಕರು ಮುಗಿಯಿತೆಂದು ತಿಳಿದರು. ನಿಜವಾಗಿ ನೋಡಿದರೆ ಅಲ್ಲಿಗೆ ಕಾಳಗವೇ ಮುಗಿದು, ಕಾಯುವಿಕೆಯು ಆರಂಭವಾಯಿತು. ಸುಮಾರು ೨೫೦ ಪೌಂಡು ತೂಗುತ್ತಿದ್ದ ಆ ಮನುಷ್ಯನು ಚಾಪೆಯ ಮೇಲೆ ಬೋರಲಾಗಿ, ಕೈಕಾಲುಗಳನ್ನು ಊರಿಕೊಂಡು, ಆಮೆಯಂತೆ ಕುಳಿತುಬಿಟ್ಟನು. ಎರಡು ಭುಜಗಳೂ ಏಕಕಾಲದಲ್ಲಿ ನೆಲ ಮುಟ್ಟಿದರೆ ಮಾತ್ರ ಸೋಲು. ಬೋರಲಾಗಿರುವವನ ಭುಜಗಳು ನೆಲ ಮುಟ್ಟುವುದೆಂತು? ಗಾಮನು ಕೊರಳಿಗೆ ಕೈಹಾಕಿ ನೋಡಿದನು, ಕಾಲನ್ನು ಹಿಡಿದು ತಿರುಚಿ ನೋಡಿದನು, ತೋಳಿನ ಸಂದಿನಲ್ಲಿ ತೋಳಿಟ್ಟು ಮೀಟಿ ನೋಡಿದನು. ಬಂಡೆ ಅಲುಗಲಿಲ್ಲ. ಹೀಗೆ ಎರಡೂವರೆ ಗಂಟೆಗೂ ಮೀರಿ ನಡೆಯಿತು. ಕತ್ತಲಾಗುತ್ತ ಬಂದುದರಿಂದ ಪಂದ್ಯವನ್ನು ನಿಲ್ಲಿಸಿ, ಸೆಪ್ಟೆಂಬರ್ ೧೭ಕ್ಕೆ ಮುಂದೂಡಿದರು. ಆ ದಿನ ಗಾಮನು ಬಂದನು, ಜಿಬಿಸ್ಕೋ ಬರಲಿಲ್ಲ. ಪಟ್ಟಿಯು ಗಾಮನಿಗೆ ಸಂದಿತು.

ಇದನ್ನು ನಮ್ಮ ಒರೆಗಲ್ಲಿಗೆ ತಿಕ್ಕಿ ನೋಡೋಣ. ಜೋಡಿಯು ಉತ್ತಮವಾದುದೇ. ತೂಕದಲ್ಲಿ ಐವತ್ತು ಪೌಂಡಿನ ಅಂತರವಿದ್ದರೂ ಬಲ-ಪರಿಣತಿಗಳಲ್ಲಿ ಇಬ್ಬರೂ ಮೊದಲ ಪಂಕ್ತಿಯವರು. ನಿಯಮದ ಭಂಗವೂ ಆಗಲಿಲ್ಲ. ಬೋರಲು ಬೀಳಬಾರದೆಂಬ ಕಟ್ಟಳೆ ಅಂದಿರಲಿಲ್ಲ. ಪ್ರೇಕ್ಷಕರಿಗೆ ಮಾತು ಕೊಟ್ಟುದು ನಿಜವಾದ ಪಂದ್ಯ. ತೋರಿಸಿದುದೂ ನಿಜವಾದ ಪಂದ್ಯವೇ. ಆದರೆ ಮೂರನೆಯ ಒರೆಗಲ್ಲಾದ ಉದ್ಯಮದಲ್ಲಿ ಜಿಬಿಸ್ಕೋ ಸೊನ್ನೆ. ಅವನು ಕಾದಲಿಲ್ಲ, ಕಾದುಕೊಂಡನು. ಇದನ್ನು ಹೇಡಿತನವೆಂದು ಅಂದಿನ ಪತ್ರಿಕೆಗಳು ಜರೆದವು. ನಾವು ಅಷ್ಟು ಕಠಿನವಾಗಿ ಹೇಳಲಾರೆವು. ತನಗಿಂತ ಚುರುಕಾದವನ ಕೈಗೆ ಸಿಕ್ಕಿದವನು, ನಿಯಮವು ಕೊಟ್ಟ ಒಂದೇ ಒಂದು ಆಸರೆಯನ್ನು ಎರಡೂವರೆ ಗಂಟೆಗಳ ಕಾಲ ಬಿಡದೆ ಹಿಡಿದುಕೊಂಡನು. ಅದಕ್ಕೂ ತಾಳ್ಮೆ ಬೇಕು, ಸತ್ತ್ವ ಬೇಕು. ದೋಷವು ಅರ್ಧ ಅವನದು, ಅರ್ಧ ಆ ನಿಯಮವನ್ನು ರಚಿಸಿದವರದು.

ಈ ಪಂದ್ಯದ ಬಗೆಗೆ ಇನ್ನೊಂದು ಮಾತನ್ನು ಹೇಳದಿರಲಾಗದು. ಅಂದು ಅಮೆರಿಕಾದ ಫ್ರಾಂಕ್ ಗಾಚನೂ ರಷ್ಯಾದ ಚಕ್ರಾಧಿಪತ್ಯಕ್ಕೆ ಸೇರಿದ್ದ ಎಸ್ಟೋನಿಯಾದ ಜಾರ್ಜ್ ಹ್ಯಾಕನ್‌ಶ್ಮಿಟ್ಟನೂ ಜಗಜಟ್ಟಿಗಳೆಂದು ಖ್ಯಾತರಾಗಿದ್ದರು. ಇವರಿಬ್ಬರೂ ಗಾಮನೊಡನೆ ಎಂದೂ ಕಣಕ್ಕಿಳಿಯಲಿಲ್ಲ. ಆಳಲ್ಪಡುವ ನಾಡಿನವನೊಬ್ಬನು ಆಳುವವರ ರಾಜಧಾನಿಯಲ್ಲಿ ನಿಂತು ಬಿಳಿಯ ಮಲ್ಲರನ್ನು ಒಬ್ಬೊಬ್ಬರನ್ನಾಗಿ ಕರೆಯುತ್ತಿದ್ದ ಕಾಲ ಅದು. ಆದುದರಿಂದ ಜಿಬಿಸ್ಕೋ ಕಣಕ್ಕಾದರೂ ಇಳಿದನೆಂಬುದನ್ನು ಅವನ ಲೆಕ್ಕದ ಜಮೆಯಲ್ಲಿ ಬರೆಯಲೇಬೇಕು.

ಎರಡನೆಯ ಕಾಳಗಕ್ಕೆ ಹೋಗುವ ಮುನ್ನ ನಡುವಣ ಹದಿನೈದು ವರ್ಷಗಳಲ್ಲಿ ಕುಸ್ತಿಯು ಎತ್ತ ಸಾಗಿತೆಂಬುದನ್ನು ತಿಳಿಯಬೇಕು. ಸರಿಸಮಾನರಾದ ಇಬ್ಬರು ಸತ್ಯವಾಗಿ ಸೆಣಸಿದರೆ ಕಾಳಗವು ಬೇಗ ಮುಗಿಯದು ಎಂಬುದು ಆ ಕಾಲದಲ್ಲಿ ಮತ್ತೆ ಮತ್ತೆ ಕಂಡುಬಂದಿತು. ೧೯೦೮ನೆಯ ಇಸವಿ ಏಪ್ರಿಲ್ ೩ರಂದು ಚಿಕಾಗೋ ನಗರದಲ್ಲಿ ಗಾಚನೂ ಹ್ಯಾಕನ್‌ಶ್ಮಿಟ್ಟನೂ ಎರಡು ಗಂಟೆಗೂ ಮೇಲ್ಪಟ್ಟು ಸೆಣಸಿದರು. ಕೊನೆಗೆ ಹ್ಯಾಕನ್‌ಶ್ಮಿಟ್ಟನು ಬೇಸತ್ತು ಪಂದ್ಯವನ್ನು ಬಿಟ್ಟುಕೊಟ್ಟನು. ಎದುರಾಳಿಯು ಮೈಗೆ ಎಣ್ಣೆ ಸವರಿಕೊಂಡು ಬಂದಿದ್ದನೆಂದೂ, ಪರಚಿದನೆಂದೂ ಅವನು ದೂರಿದನು. ೧೯೧೨ರಲ್ಲಿ ಸ್ಟಾಕ್‌ಹೋಮಿನ ಒಲಿಂಪಿಕ್ ಕ್ರೀಡೆಗಳಲ್ಲಿ ಕ್ಲೈನ್, ಆಸಿಕೈನೆನ್ ಎಂಬ ಇಬ್ಬರು ಮಧ್ಯಮ ತೂಕದ ಮಲ್ಲರು ೧೧ ಗಂಟೆ ೪೦ ನಿಮಿಷಗಳ ಕಾಲ ಕಾದಿದರು. ಗೆದ್ದ ಕ್ಲೈನನು ಬಳಲಿಕೆಯಿಂದ ಕೊನೆಯ ಪಂದ್ಯಕ್ಕೆ ಏಳಲೇ ಇಲ್ಲ. ಇವರು ಹವ್ಯಾಸಿಗಳು, ಹಣದ ಆಸೆಯಿಲ್ಲದೆ ಕಾದಿದವರು. ೧೯೧೬ರ ಜುಲೈ ೪ರಂದು ಅಮೆರಿಕಾದ ಒಮಾಹಾ ನಗರದಲ್ಲಿ ಜೋ ಸ್ಟೆಚರ್, ಎಡ್ ಲೂಯಿಸ್ ಎಂಬ ವೃತ್ತಿಮಲ್ಲರು ಸುಮಾರು ಐದು ಗಂಟೆ ಸೆಣಸಿ ಸಮಸಮವಾಗಿ ನಿಂತರು. ಸತ್ಯವು ಶ್ಲಾಘ್ಯವೇ ಸರಿ. ಆದರೆ ಐದು ಗಂಟೆಗಳ ಸತ್ಯವನ್ನು ಕಣ್ಣೆವೆಯಿಕ್ಕದೆ ನೋಡಬಲ್ಲ ಪ್ರೇಕ್ಷಕರು ವಿರಳ.

ಈ ತೊಡಕಿಗೆ ಎರಡು ಪರಿಹಾರಗಳು ಹುಟ್ಟಿದವು. ಹವ್ಯಾಸಿ ಕುಸ್ತಿಯವರು ನಿಯಮಗಳನ್ನು ತಿದ್ದಿದರು. ಕಾಲಕ್ಕೆ ಮಿತಿಯಿಟ್ಟರು, ಪಟ್ಟಿಗೆ ಇಂತಿಷ್ಟು ಅಂಕಗಳೆಂದು ಗೊತ್ತುಮಾಡಿದರು, ಸುಮ್ಮನೆ ತಡೆದು ನಿಲ್ಲುವವನಿಗೆ ಎಚ್ಚರಿಕೆ ಕೊಡುವ ಕ್ರಮವನ್ನು ತಂದರು. ಜಿಬಿಸ್ಕೋವಿನ ಆಮೆಯ ಉಪಾಯವು ಅಲ್ಲಿ ಈಗ ಸಲ್ಲದು. ಹಣಕ್ಕಾಗಿ ಕಾದುವವರು ಹಿಡಿದ ದಾರಿಯೇ ಬೇರೆ. ಅವರು ನಿಯಮವನ್ನು ತಿದ್ದಲಿಲ್ಲ. ಫಲಿತಾಂಶವನ್ನೇ ಮೊದಲು ಗೊತ್ತುಮಾಡಿಕೊಂಡರು. ಇದು ಮೊದಲು ಅಲ್ಲಲ್ಲಿ ಗುಟ್ಟಾಗಿ ನಡೆಯುತ್ತಿದ್ದಿತು. ೧೯೨೦ರ ಬಳಿಕ ಎಡ್ ಲೂಯಿಸ್, ಅವನ ವ್ಯವಸ್ಥಾಪಕ ಬಿಲ್ಲಿ ಸ್ಯಾಂಡೋ, ಟೂಟ್ಸ್ ಮಾಂಟ್ ಎಂಬ ಮೂವರು ಸೇರಿ ಅದನ್ನೊಂದು ಕ್ರಮವಾದ ಉದ್ಯಮವನ್ನಾಗಿ ಮಾಡಿದರು. ಪಂದ್ಯಕ್ಕೆ ಕಾಲಮಿತಿ, ಮುಷ್ಟಿಯುದ್ಧದಿಂದ ಸ್ವಲ್ಪ, ಗ್ರೀಕೋ-ರೋಮನ್ನಿನಿಂದ ಸ್ವಲ್ಪ, ಬೀದಿಯ ಜಗಳದಿಂದ ಸ್ವಲ್ಪ ಎತ್ತಿಕೊಂಡ ವೇಗದ ಆಟ, ಮಲ್ಲರ ಒಂದು ತಂಡ ಊರೂರಿಗೆ ಹೋಗಿ ಒಂದೇ ಪಂದ್ಯವನ್ನು ಹಲವು ಕಡೆ ಆಡುವ ಏರ್ಪಾಡು. ನಮ್ಮ ನಾಟಕ ಕಂಪೆನಿಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದೇ ಒಂದು ಭೇದ: ನಾಟಕದ ಕಂಪೆನಿಯವರು ತಾವು ಆಡುವುದು ನಾಟಕವೆಂದು ಕರಪತ್ರದಲ್ಲಿ ಅಚ್ಚು ಹಾಕಿಸುತ್ತಿದ್ದರು, ಇವರು ಅದನ್ನು ಪಂದ್ಯವೆಂದು ಕರೆದು ಟಿಕೀಟು ಮಾರಿದರು.

ಇನ್ನು ಎರಡನೆಯ ಕಾಳಗ. ೧೯೨೫ನೆಯ ಇಸವಿ ಏಪ್ರಿಲ್ ೧೫, ಸ್ಥಳ ಫಿಲಡೆಲ್ಫಿಯಾ. ಆ ವೇಳೆಗೆ ಜಿಬಿಸ್ಕೋ ನಲವತ್ತಾರು ವರ್ಷದವನು. ೧೯೨೧ರಲ್ಲಿ ಲೂಯಿಸನಿಂದ ಜಗಜಟ್ಟಿಯ ಪದವಿಯನ್ನು ಪಡೆದು, ಮರುವರ್ಷ ಅದನ್ನು ಅವನಿಗೇ ಹಿಂದಿರುಗಿಸಿದ್ದವನು. ಈಗ ಎದುರಾಳಿ ವೇಯ್ನ್ ಮನ್. ಇವನು ನೆಬ್ರಾಸ್ಕಾದ ವಿಶ್ವವಿದ್ಯಾನಿಲಯದ ಕಾಲ್ಚೆಂಡಿನ ಆಟಗಾರ. ಆರಡಿಯನ್ನು ಎಷ್ಟೋ ಮೀರಿದ ಎತ್ತರ, ಅದಕ್ಕೆ ತಕ್ಕ ಗಾತ್ರ. ಜನರ ಕಣ್ಣು ಸೆಳೆಯುವ ರೂಪವೇನೋ ಇದ್ದಿತು. ಕುಸ್ತಿಯ ವಿದ್ಯೆ ಮಾತ್ರ ಅಷ್ಟಕ್ಕಷ್ಟೆ. ಆ ವರ್ಷ ಜನವರಿ ೮ರಂದು ಕಾನ್ಸಾಸ್ ನಗರದಲ್ಲಿ ಲೂಯಿಸನು ಏರ್ಪಾಟಿನಂತೆ ಅವನಿಗೆ ಸೋತು ಪದವಿಯನ್ನು ಒಪ್ಪಿಸಿದ್ದನು. ಹೊಸ ಮುಖವನ್ನು ನೋಡಲು ಜನ ಬರುವರು, ಮುಂದೆ ಲೂಯಿಸನು ಪದವಿಯನ್ನು ಮರಳಿ ಪಡೆಯುವಾಗ ಇನ್ನೂ ಹೆಚ್ಚು ಜನ ಬರುವರು ಎಂಬುದು ಆ ಮೂವರ ಲೆಕ್ಕಾಚಾರ. ಮನ್ನನ ಕೀರ್ತಿಯನ್ನು ಬೆಳೆಸುವುದಕ್ಕಾಗಿ ಮುದುಕನಾದ ಜಿಬಿಸ್ಕೋ ಅವನಿಗೆ ಸೋಲತಕ್ಕದ್ದೆಂದು ಗೊತ್ತಾಗಿದ್ದಿತು.

ಜಿಬಿಸ್ಕೋ ಸೋಲಲಿಲ್ಲ. ಎದುರು ಪಕ್ಷದವರೊಡನೆ ಅವನು ಗುಟ್ಟಾಗಿ ಸೇರಿಕೊಂಡಿದ್ದನು. ಕಣಕ್ಕಿಳಿದವನೇ ಅವನು ತನಗೆ ತಿಳಿದಿದ್ದ ವಿದ್ಯೆಯನ್ನೆಲ್ಲ ಆ ಯುವಕನ ಮೇಲೆ ನಿಜವಾಗಿಯೇ ಪ್ರಯೋಗಿಸಿದನು. ಮನ್ನನಿಗೆ ಏನಾಗುತ್ತಿದೆಯೆಂದು ತಿಳಿಯುವಷ್ಟರಲ್ಲಿ ಅವನ ಭುಜಗಳು ನೆಲದ ಮೇಲಿದ್ದವು. ಎಷ್ಟೋ ಸಾವಿರ ಕಣ್ಣುಗಳ ಎದುರಿಗೆ ಮತ್ತೆ ಮತ್ತೆ ನೆಲಕ್ಕೆ ಒತ್ತಿದವನನ್ನು ಸೋತಿಲ್ಲವೆನ್ನಲು ತೀರ್ಪುಗಾರನಿಗೂ ಸಾಧ್ಯವಾಗಲಿಲ್ಲ. ಎರಡು ಸಲವೂ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯಿತು. ಮುಂದೆ ಮೇ ೩೦ರಂದು ಸೇಂಟ್ ಲೂಯಿಸ್ ನಗರದಲ್ಲಿ ಜಿಬಿಸ್ಕೋ, ತನ್ನ ಹೊಸ ಪಕ್ಷದವರ ಇಚ್ಛೆಯಂತೆ, ಜೋ ಸ್ಟೆಚರನಿಗೆ ಸೋತು ಪದವಿಯನ್ನು ಅವನಿಗೆ ಬಿಟ್ಟುಕೊಟ್ಟನು.

ಈ ಕಾಳಗವನ್ನು ವಿಮರ್ಶಿಸುವುದು ಸುಲಭವಲ್ಲ. ಜೋಡಿ ಎಂಬುದು ಇಲ್ಲಿ ಹಾಸ್ಯಾಸ್ಪದ: ಒಬ್ಬನು ಗಾತ್ರ, ಇನ್ನೊಬ್ಬನು ವಿದ್ಯೆ. ಮೂರನೆಯ ಒರೆಗಲ್ಲಿನಲ್ಲಿಯಾದರೋ, ಲಂಡನ್ನಿನಲ್ಲಿ ಸೊನ್ನೆ ಪಡೆದವನು ಇಲ್ಲಿ ಪೂರ್ಣಾಂಕ ಪಡೆಯುತ್ತಾನೆ. ಆದರೆ ಸ್ವಾರಸ್ಯವಿರುವುದು ಎರಡನೆಯ ಮತ್ತು ನಾಲ್ಕನೆಯ ಒರೆಗಲ್ಲುಗಳಲ್ಲಿ. ಅಚ್ಚಿನಲ್ಲಿದ್ದ ನಿಯಮವನ್ನು ಜಿಬಿಸ್ಕೋ ಪಾಲಿಸಿದನು. ಒಳಗೊಳಗೆ ಆಡಿದ ಮಾತನ್ನು ಮುರಿದನು. ಪ್ರೇಕ್ಷಕರಿಗೆ ಕೊಟ್ಟ ಮಾತು ಉಳಿಯಿತು. ಜೊತೆಯವರಿಗೆ ಕೊಟ್ಟ ಮಾತು ಅಳಿಯಿತು. ಸುಳ್ಳಿನ ವ್ಯಾಪಾರದೊಳಗೆ ಸತ್ಯವು ದ್ರೋಹದ ವೇಷದಲ್ಲಿ ಬಂದಿತು. ಟಿಕೀಟು ಕೊಂಡವರು ಆ ಕಾಲದಲ್ಲಿ ಪದವಿಗಾಗಿ ನಡೆದ ಸತ್ಯವಾದ ಕಾಳಗವೊಂದನ್ನು ನೋಡಿದರು. ಆದರೆ ಅದು ಸತ್ಯವಾದುದು ಯಾರ ಪ್ರಾಮಾಣಿಕತೆಯಿಂದಲೂ ಅಲ್ಲ, ಒಬ್ಬನು ಇನ್ನೊಬ್ಬರಿಂದ ಹೆಚ್ಚು ಹಣ ಪಡೆದುದರಿಂದ. ಇಂಥ ಸತ್ಯಕ್ಕೆ ಏನು ಬೆಲೆ ಕಟ್ಟೋಣ? ನಮಗೆ ತೋರುವಂತೆ, ಅಂದಿನ ಕಣದಲ್ಲಿ ಕನಿಕರಕ್ಕೆ ಅರ್ಹನಾದವನು ಮನ್ ಒಬ್ಬನೇ. ಅವನಿಗೆ ಒಂದು ಪಾತ್ರವನ್ನು ಕೊಟ್ಟು ರಂಗಕ್ಕೆ ತಂದರು. ರಂಗದ ಮೇಲೆ ಅವನೊಬ್ಬನನ್ನುಳಿದು ಎದುರಿಗಿದ್ದವನು ನಾಟಕವನ್ನು ನಿಲ್ಲಿಸಿಬಿಟ್ಟನು.

ಮೂರನೆಯ ಕಾಳಗಕ್ಕಾಗಿ ನಾವು ನಮ್ಮ ದೇಶಕ್ಕೆ ಹಿಂದಿರುಗಬೇಕು. ೧೯೨೮ನೆಯ ಇಸವಿ ಜನವರಿ ತಿಂಗಳು. ಪಂಜಾಬಿನ ಪಟಿಯಾಲಾ ಸಂಸ್ಥಾನ. ಮಹಾರಾಜ ಭೂಪಿಂದರ್ ಸಿಂಗರು ಕುಸ್ತಿಯ ಪೋಷಕರು. ಗಾಮನಿಗೆ ಅವರ ಆಶ್ರಯವಿದ್ದಿತು. ಹದಿನೆಂಟು ವರ್ಷಗಳ ಹಿಂದಿನ ಬಾಕಿಯನ್ನು ತೀರಿಸಲೆಂದು ಜಿಬಿಸ್ಕೋವನ್ನು ಅಲ್ಲಿಗೆ ಬರಮಾಡಿಕೊಂಡರು. ಹತ್ತಾರು ಸಾವಿರ ಜನ ಬಯಲಿನಲ್ಲಿ ಕಿಕ್ಕಿರಿದಿದ್ದರು. ಇಬ್ಬರಿಗೂ ಐವತ್ತರ ಹತ್ತಿರದ ವಯಸ್ಸು. ಈ ಸಲ ಕಾಲ ಕೆಳಗೆ ಚಾಪೆಯಿರಲಿಲ್ಲ, ಮಣ್ಣಿನ ಅಖಾಡವಿದ್ದಿತು. ಕೈ ಕೂಡಿದ ಒಂದು ನಿಮಿಷದೊಳಗೆ ಗಾಮನು ಜಿಬಿಸ್ಕೋವನ್ನು ಚಿತ್ ಮಾಡಿದನು. ಎರಡೂವರೆ ಗಂಟೆಯಲ್ಲಿ ತೀರದಿದ್ದ ವ್ಯಾಜ್ಯವು ಉಸಿರು ಎಳೆದು ಬಿಡುವಷ್ಟರಲ್ಲಿ ತೀರಿಹೋಯಿತು.

ಕಾಳಗವೆಂದು ನೋಡಿದರೆ ಇದರಲ್ಲಿ ನೋಡುವುದಕ್ಕೆ ಹೆಚ್ಚೇನೂ ಇಲ್ಲ. ದೂರದ ಊರುಗಳಿಂದ ಬಂದವರು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಮುಗಿದುಹೋದ ಆಟ. ಆದರೂ ಯಾರೂ ಹಣ ಹಿಂದಿರುಗಿಸಿರೆಂದು ಕೇಳಿದಂತೆ ಇಲ್ಲ. ಏಕೆ? ಜನರು ಬಂದುದು ಆಟ ನೋಡುವುದಕ್ಕಲ್ಲ, ತೀರ್ಪು ಕೇಳುವುದಕ್ಕೆ. ಲಂಡನ್ನಿನಲ್ಲಿ ಉಳಿದಿದ್ದ ಪ್ರಶ್ನೆಗೆ ಉತ್ತರ ಬೇಕಾಗಿದ್ದಿತು. ಹದಿನೆಂಟು ವರ್ಷ ಕಾಯಿಸಿದ ಒಂದು ನಿಮಿಷಕ್ಕೆ, ಐದು ಗಂಟೆಗಳ ಕಾಳಗಕ್ಕಿಲ್ಲದ ತೂಕ ಬಂದಿದ್ದಿತು. ಜಿಬಿಸ್ಕೋವಿನ ಮಟ್ಟಿಗೂ ಇದು ಗೌರವದ ಸೋಲು. ೧೯೧೦ರಲ್ಲಿ ಎರಡನೆಯ ದಿನ ಬಾರದೆ ಹೋದವನು, ಸಮುದ್ರ ದಾಟಿ, ಎದುರಾಳಿಯ ನಾಡಿಗೆ, ಎದುರಾಳಿಯ ಮಣ್ಣಿಗೆ ಬಂದು ನಿಂತನು. ಈ ಸಲ ಅವನು ಬೋರಲು ಬೀಳಲಿಲ್ಲ. ನಿಂತು ಕೈಕೊಟ್ಟನು, ಬಿದ್ದನು. ನಾಲ್ಕು ಒರೆಗಲ್ಲುಗಳಿಗೂ ಈ ಕಾಳಗವು ನಿಲ್ಲುತ್ತದೆಂದು ನಮ್ಮ ಅಭಿಪ್ರಾಯ.

ಇನ್ನು ಪ್ರದರ್ಶನದ ಕುಸ್ತಿಯ ವಿಷಯಕ್ಕೆ ಬರೋಣ. ಅದು ಅಲ್ಲಿಗೆ ನಿಲ್ಲಲಿಲ್ಲ, ಲೋಕವನ್ನೆಲ್ಲ ವ್ಯಾಪಿಸಿತು. ನಮ್ಮ ದೇಶದಲ್ಲಿಯೂ ಹಂಗೆರಿಯ ಮೂಲದ ‘ಕಿಂಗ್ ಕಾಂಗ್’ ಎಂಬ ದೈತ್ಯಕಾಯನೂ, ಪಂಜಾಬಿನ ದಾರಾಸಿಂಗನೂ ೧೯೫೦ರ ದಶಕದಲ್ಲಿ ಹಲವು ಸಲ ಎದುರಾದರು. ೧೯೬೮ರ ಮೇ ತಿಂಗಳಲ್ಲಿ ಬೊಂಬಾಯಿಯಲ್ಲಿ ದಾರಾಸಿಂಗನು ಅಮೆರಿಕಾದ ಲೂ ಥೆಸ್‌ನನ್ನು ಸೋಲಿಸಿ ಜಗಜಟ್ಟಿಯೆನಿಸಿದನು. ಮುಂದೆ ೧೯೮೭ರಲ್ಲಿ ಆರಂಭವಾದ ದೂರದರ್ಶನದ ರಾಮಾಯಣದಲ್ಲಿ ಹನುಮಂತನ ಪಾತ್ರ ವಹಿಸಿ ಮನೆಮನೆಗೂ ಪರಿಚಿತನಾದನು. ಈ ಬಗೆಯ ಪ್ರದರ್ಶನದಲ್ಲಿ ಸಣ್ಣ ಪಂದ್ಯಗಳಿಂದ ಆರಂಭಿಸಿ ದೊಡ್ಡ ಪಂದ್ಯಕ್ಕೆ ಏರುವುದು, ಒಬ್ಬನು ಸಜ್ಜನ ಇನ್ನೊಬ್ಬನು ದುರುಳ ಎಂಬ ಪಾತ್ರವಿಭಾಗ, ದುರುಳನು ತೀರ್ಪುಗಾರನ ಬೆನ್ನ ಹಿಂದೆ ಮಾಡುವ ಅನ್ಯಾಯ, ಸಜ್ಜನನ ಸಹನೆ ಮುಗಿದು ಬರುವ ಪ್ರತೀಕಾರ, ಇವೆಲ್ಲವೂ ಒಂದು ಕ್ರಮಕ್ಕೆ ಒಳಪಟ್ಟಿವೆ.

ಇದನ್ನು ಕೇವಲ ಮೋಸವೆಂದು ತಳ್ಳಿಹಾಕುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ನಮ್ಮ ಕರಾವಳಿಯ ಯಕ್ಷಗಾನದಲ್ಲಿ ಕೀಚಕನು ಭೀಮನ ಕೈಯಲ್ಲಿ ಸಾಯುವನೆಂದು ಬಯಲಿನಲ್ಲಿ ಕುಳಿತ ಮಗುವಿಗೂ ಗೊತ್ತು. ಆದರೂ ಜನ ಬೆಳಗಿನವರೆಗೆ ಕುಳಿತು ನೋಡುವರು. ಯಾರು ಗೆಲ್ಲುವರೆಂಬ ಕುತೂಹಲ ಅಲ್ಲಿಲ್ಲ; ಹೇಗೆ ಗೆಲ್ಲುವರೆಂಬ ಆಸ್ವಾದನೆಯಿದೆ. ೧೯೫೨ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಬಂಧದಲ್ಲಿ ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ತನು ಇಂಥ ಕುಸ್ತಿಯನ್ನು ಕ್ರೀಡೆಯೆಂದಲ್ಲ, ಪ್ರಾಚೀನ ರಂಗಭೂಮಿಗೆ ಸಮಾನವಾದ ದೃಶ್ಯವೆಂದು ತಿಳಿಯಬೇಕೆಂದು ವಾದಿಸಿದನು. ಪ್ರೇಕ್ಷಕನು ಬಯಸುವುದು ನೋವು, ಸೋಲು, ನ್ಯಾಯಗಳ ಸ್ಪಷ್ಟವಾದ ಚಿತ್ರವನ್ನು. ಪಂದ್ಯವು ನಿಜವೇ ಎಂಬ ಪ್ರಶ್ನೆ ಅವನಿಗೆ ಬೇಕಾಗಿಲ್ಲ ಎಂಬುದು ಅವನ ಮತ.

ಈ ಮತದಲ್ಲಿ ಅರ್ಧವನ್ನು ನಾವು ಒಪ್ಪುತ್ತೇವೆ. ಪ್ರದರ್ಶನದ ಕುಸ್ತಿಯಲ್ಲಿಯೂ ವಿದ್ಯೆಯಿದೆ. ಎದುರಾಳಿಯನ್ನು ತಲೆಯ ಮೇಲೆತ್ತಿ ಎಸೆಯುವವನು ಅವನ ಕೊರಳು ಮುರಿಯದಂತೆ ಎಸೆಯಬೇಕು. ಬೀಳುವವನು ಬೀಳುವ ರೀತಿಯನ್ನು ಕಲಿತಿರಬೇಕು. ಪಂದ್ಯದಲ್ಲಿ ಇಬ್ಬರು ಶತ್ರುಗಳು. ಪ್ರದರ್ಶನದಲ್ಲಿ ಶತ್ರುಗಳ ವೇಷದಲ್ಲಿರುವ ಇಬ್ಬರು ಜೊತೆಗಾರರು, ಒಬ್ಬನ ಮೈ ಇನ್ನೊಬ್ಬನ ಕೈಯಲ್ಲಿ ಅಡವಿಟ್ಟಿರುವುದು. ಬಿದ್ದ ಏಟು ನಿಜ, ಮುರಿದ ಮೂಳೆ ನಿಜ, ಕೋಪವೊಂದೇ ಸುಳ್ಳು. ಇದನ್ನು ಕಲೆಯೆಂದು ಗೌರವಿಸಲು ನಮಗೆ ಅಡ್ಡಿಯಿಲ್ಲ. ಆದರೆ ಪ್ರೇಕ್ಷಕನಿಗೆ ಸತ್ಯವು ಬೇಕಾಗಿಯೇ ಇಲ್ಲವೆಂಬ ಉಳಿದರ್ಧವನ್ನು ಒಪ್ಪಲಾರೆವು. ಹಾಗೆ ಒಪ್ಪುವುದಾದರೆ ೧೯೧೧ರ ಸೆಪ್ಟೆಂಬರ್ ೪ರಂದು ಚಿಕಾಗೋವಿನಲ್ಲಿ ನೆರೆದ ಸುಮಾರು ೩೦,೦೦೦ ಜನರಿಗೆ ಏನು ಹೇಳೋಣ? ಗಾಚ್-ಹ್ಯಾಕನ್‌ಶ್ಮಿಟ್ಟರ ಎರಡನೆಯ ಪಂದ್ಯವನ್ನು ನೋಡಲು ಬಂದ ಅವರ ಮುಂದೆ, ಸಾಧನೆಯ ಕಾಲದಲ್ಲಿಯೇ ಮೊಣಕಾಲಿಗೆ ಪೆಟ್ಟಾಗಿದ್ದ ಮನುಷ್ಯನನ್ನು ನಿಲ್ಲಿಸಿದರು. ಎರಡು ಸಲವೂ ಅವನು ಬೇಗನೆ ಬಿದ್ದನು. ಹಾಗೆ ನೊಂದ ಪ್ರೇಕ್ಷಕರು ನಾಟಕವನ್ನು ನೋಡಲು ಬಂದವರಲ್ಲ. ಯಕ್ಷಗಾನದವನು ತಾನು ಭೀಮನೆಂದು ಚೌಕಿಯ ಹೊರಗೆ ಹೇಳಿಕೊಂಡು ತಿರುಗುವುದಿಲ್ಲ. ಕಲೆಗೆ ಸುಳ್ಳಿನ ಹಕ್ಕುಂಟು. ಆದರೆ ಆ ಹಕ್ಕನ್ನು ಕೊಡತಕ್ಕವನು ಪ್ರೇಕ್ಷಕನು, ಅದನ್ನು ಅವನ ಜೇಬಿನಿಂದ ಕದಿಯಕೂಡದು.

ಆ ಒಪ್ಪಿಗೆಯನ್ನು ಬಹಿರಂಗವಾಗಿ ಪಡೆಯಲು ಬಹುಕಾಲ ಹಿಡಿಯಿತು. ೧೯೮೯ರಲ್ಲಿ ಅಮೆರಿಕಾದ ನ್ಯೂ ಜೆರ್ಸಿ ಸಂಸ್ಥಾನದ ಶಾಸನಸಭೆಯ ಮುಂದೆ, ಆ ದೇಶದ ಅತಿ ದೊಡ್ಡ ಕುಸ್ತಿ ಕಂಪೆನಿಯವರು, ತಮ್ಮದು ವಿನೋದಕ್ಕಾಗಿ ನಡೆಯುವ ಪ್ರದರ್ಶನವೇ ಹೊರತು ನಿಜವಾದ ಸ್ಪರ್ಧೆಯಲ್ಲವೆಂದು ಒಪ್ಪಿಕೊಂಡರು. ಆತ್ಮಸಾಕ್ಷಿಯ ಪ್ರೇರಣೆಯಿಂದಲ್ಲ, ಕ್ರೀಡೆಗಳ ಮೇಲಿದ್ದ ತೆರಿಗೆ, ಕಟ್ಟುಪಾಡುಗಳಿಂದ ಬಿಡುಗಡೆ ಪಡೆಯುವುದಕ್ಕಾಗಿ. ಹೇಗಾದರೂ ಆಗಲಿ, ಸತ್ಯವು ಹೊರಬಂದಿತು. ಜನರು ನೋಡುವುದನ್ನು ಬಿಟ್ಟರೆ? ಬಿಡಲಿಲ್ಲ. ನಾಟಕವೆಂದು ತಿಳಿದೇ ನೋಡಿದರು. ಆ ಅರವತ್ತೆಪ್ಪತ್ತು ವರ್ಷಗಳ ಗುಟ್ಟು ಅನಾವಶ್ಯಕವಾಗಿದ್ದಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಲ್ಲಿ ನಮ್ಮ ಮೈಸೂರಿನ ವಜ್ರಮುಷ್ಟಿಯನ್ನು ನೆನೆಯುವುದು ಉಚಿತ. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ, ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ವಜ್ರಮುಷ್ಟಿಯನ್ನು ತೊಟ್ಟು ಎದುರಾಗುವರು. ತಲೆಯಿಂದ ಒಂದು ತೊಟ್ಟು ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುವುದು. ಅದು ಪೂರ್ಣವಾಗಿ ಪಂದ್ಯವೂ ಅಲ್ಲ, ನಾಟಕವೂ ಅಲ್ಲ, ಅದೊಂದು ವಿಧಿ. ಏತಕ್ಕಾಗಿ ಕಾದುವರು, ಎಲ್ಲಿ ನಿಲ್ಲಿಸುವರು ಎಂಬುದು ಕಾದುವವರಿಗೂ ಗೊತ್ತು, ನೋಡುವವರಿಗೂ ಗೊತ್ತು. ಅದರಲ್ಲಿ ವಂಚನೆಗೆ ಎಡೆಯೇ ಇಲ್ಲ. ಪಂದ್ಯವು ಪಂದ್ಯವೆಂದೂ, ಆಟವು ಆಟವೆಂದೂ, ವಿಧಿಯು ವಿಧಿಯೆಂದೂ ತನ್ನ ಹೆಸರನ್ನು ತಾನೇ ಹೇಳಿಕೊಂಡರೆ, ಮೂರಕ್ಕೂ ಮರ್ಯಾದೆಯುಂಟು.

ನಾಲ್ಕನೆಯ ಕಾಳಗವೊಂದು ಉಳಿಯಿತು. ಇದು ನಡೆದುದು ಚಲಚ್ಚಿತ್ರದಲ್ಲಿ. ಜೂಲ್ಸ್ ಡಾಸಿನ್ ಎಂಬ ನಿರ್ದೇಶಕನು ಲಂಡನ್ನಿನ ಕುಸ್ತಿ ವ್ಯಾಪಾರವನ್ನು ಕುರಿತು ಮಾಡಿದ ‘ನೈಟ್ ಅಂಡ್ ದಿ ಸಿಟಿ’ ಎಂಬ ಚಿತ್ರವು ೧೯೫೦ರಲ್ಲಿ ಹೊರಬಂದಿತು. ಅದರಲ್ಲಿ ಗ್ರೆಗೋರಿಯಸ್ ಎಂಬ ಮುದಿ ಮಲ್ಲನ ಪಾತ್ರವಿದೆ. ಅವನ ಮಗನು ಪ್ರದರ್ಶನದ ಕುಸ್ತಿಯನ್ನು ನಡೆಸಿ ಹಣ ಮಾಡಿದವನು. ತಂದೆಯು ಅದನ್ನು ಹೇಸುವವನು, ಹಳೆಯ ಗ್ರೀಕೋ-ರೋಮನ್ ವಿದ್ಯೆಯನ್ನೇ ನಂಬಿದವನು. ಒಂದು ರಾತ್ರಿ ಪ್ರದರ್ಶನದ ಮಲ್ಲನೊಬ್ಬನು ಕೆಣಕಲು, ಮುದುಕನು ಅವನೊಡನೆ ನಿಜವಾಗಿಯೇ ಕಾದಿ, ತೋಳುಗಳಲ್ಲಿ ಅಪ್ಪಿ ಹಿಂಡಿ, ಗೆಲ್ಲುತ್ತಾನೆ. ಗೆದ್ದ ಸ್ವಲ್ಪ ಹೊತ್ತಿನಲ್ಲಿಯೇ ಮಗನ ಕೈಯಲ್ಲಿ ಪ್ರಾಣ ಬಿಡುತ್ತಾನೆ. ಆ ಗ್ರೆಗೋರಿಯಸನ ಪಾತ್ರವನ್ನು ವಹಿಸಿದವನು ಎಪ್ಪತ್ತರ ವಯಸ್ಸಿನ ಸ್ಟಾನಿಸ್ಲಾಸ್ ಜಿಬಿಸ್ಕೋ. ಅವನ ಎದುರಾಳಿಯಾಗಿ ಅಭಿನಯಿಸಿದ ಮೈಕ್ ಮಜುರ್ಕಿಯೂ ಪ್ರದರ್ಶನದ ಕುಸ್ತಿಯಲ್ಲಿ ಪಳಗಿದವನೇ.

ಈ ಕಾಳಗದಲ್ಲಿ ಎಲ್ಲವೂ ಮೊದಲೇ ಗೊತ್ತುಮಾಡಿದ್ದು. ಯಾರು ಗೆಲ್ಲುವರೆಂದು ಬರೆದಿಟ್ಟಿತ್ತು. ಯಾವಾಗ ಬೀಳಬೇಕೆಂದು ನಿರ್ದೇಶಕನು ಹೇಳಿಕೊಟ್ಟಿದ್ದನು. ಆದರೂ ಅದನ್ನು ನೋಡಿದವರು ಕುಸ್ತಿಯ ಸತ್ಯವನ್ನು ಇಷ್ಟು ಹತ್ತಿರದಿಂದ ಕಂಡುದಿಲ್ಲವೆನ್ನುವರು: ಆ ಏದುಸಿರು, ಆ ಬೆವರು, ಬಿಡಿಸಿಕೊಳ್ಳಲಾರದ ಆ ತೋಳಿನ ಹಿಡಿತ. ಜಿಬಿಸ್ಕೋವಿನ ನಾಲ್ಕು ಕಾಳಗಗಳಲ್ಲಿ ಮೊದಲನೆಯದು ನಿಜವಾಗಿತ್ತು, ನೋಡಲು ನೀರಸವಾಗಿತ್ತು. ಎರಡನೆಯದು ಸುಳ್ಳಿನ ನಡುವೆ ದ್ರೋಹದಿಂದ ಹುಟ್ಟಿದ ನಿಜ. ಮೂರನೆಯದು ನಿಮಿಷದೊಳಗೆ ಮುಗಿದ ನಿಜ. ನಾಲ್ಕನೆಯದು ಒಪ್ಪಿಕೊಂಡ ಸುಳ್ಳು. ಈ ಒಪ್ಪಿಕೊಂಡ ಸುಳ್ಳಿನಲ್ಲಿ ಅವನು ಯಾರಿಗೂ ಮೋಸ ಮಾಡಲಿಲ್ಲ. ೧೯೬೭ರಲ್ಲಿ ಅವನು ತೀರಿಕೊಂಡನು. ಗಾಮನು ಅವನಿಗಿಂತ ಏಳು ವರ್ಷ ಮೊದಲು, ೧೯೬೦ರ ಮೇ ತಿಂಗಳಲ್ಲಿ, ಲಾಹೋರಿನಲ್ಲಿ ಕಣ್ಣು ಮುಚ್ಚಿದ್ದನು.

ಕೇಳುಗರಲ್ಲಿ ಕುಸ್ತಿಯ ಅಭಿಮಾನಿಗಳಿರುವವರು ಮುಂದಿನ ದಸರೆಯಲ್ಲಿ ಕಣದ ಬಳಿ ಕುಳಿತಾಗ, ಗೆದ್ದವರಾರೆಂದು ಕೇಳುವುದರ ಜೊತೆಗೆ ಇನ್ನು ಮೂರು ಪ್ರಶ್ನೆಗಳನ್ನೂ ಕೇಳಿಕೊಳ್ಳಲಿ. ಜೋಡಿ ಸರಿಯಾಗಿ ಕಟ್ಟಿದರೆ? ಸೋತವನು ಗೆಲ್ಲಲು ಹೆಣಗಿದನೆ? ನಮಗೆ ಹೇಳಿದುದನ್ನೇ ನಮಗೆ ತೋರಿಸಿದರೆ? ಈ ಮೂರಕ್ಕೂ ಹೌದೆಂಬ ಉತ್ತರ ಬಂದಲ್ಲಿ, ಬೆನ್ನಿಗೆ ಮಣ್ಣು ಮೆತ್ತಿಕೊಂಡು ಎದ್ದವನಿಗೂ ಚಪ್ಪಾಳೆ ತಟ್ಟತಕ್ಕದ್ದು ನ್ಯಾಯ.